ಸೌನಾದಲ್ಲಿ ಕೂತಿದ್ದಕ್ಕೆ ನಪಾಸು

ನರ್ಸಿಂಗ್ ತರಬೇತಿ ಮೌಲ್ಯಮಾಪನ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಮಾನಸಿಕ ರೋಗಿಯೊಬ್ಬರ ಜೊತೆ ಮುಕ್ಕಾಲು ಗಂಟೆ ಸೌನಾದ ಹಬೆಕೋಣೆಯಲ್ಲಿ ಕೂತಿದ್ದಕ್ಕೆ ನನ್ನ ವಿದ್ಯಾರ್ಥಿನಿ ಹೆನ್ನೀನಾಳನ್ನು ತಾವು ನಪಾಸು ಮಾಡಿದ್ದೀರಿ. ಎಂಟು ವಾರಗಳ ವಾರ್ಡ್ ತರಬೇತಿಯನ್ನು ಅವಳು ಮೊದಲಿನಿಂದ ಮಾಡಬೇಕಂತೆ. ಆ ಮುಕ್ಕಾಲು ಗಂಟೆ ವರದಿ ತುಂಬುವ ಟ್ಯಾಬ್ಲೆಟ್ ಕಂಪ್ಯೂಟರ್ ಅವಳ ಕೈಯಲ್ಲಿರಲಿಲ್ಲವಾದ್ದರಿಂದ "ಕಲಿಕೆ ದಾಖಲಾಗಿಲ್ಲ"ವಂತೆ. ಎಂಬತ್ತು ಡಿಗ್ರಿ ಹಬೆಯಲ್ಲಿ ಬೆತ್ತಲೆ ಕೂತವಳು ಅದನ್ನು ಎಲ್ಲಿಟ್ಟುಕೊಳ್ಳಬೇಕಿತ್ತು ಎಂಬುದನ್ನೂ ಆದೇಶದಲ್ಲಿ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಕೈನು ಪ್ರಾಂತದ ಈ ವಾರ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಸ ನರ್ಸುಗಳನ್ನು ತಯಾರು ಮಾಡುತ್ತಿದ್ದೇನೆ. ಗುರುವಾರ ಮಧ್ಯಾಹ್ನ ಹೆಂಗಸರ ಸೌನಾ. ರೋಗಿ ಕರೆದರೆ ವಿದ್ಯಾರ್ಥಿನಿಯೂ ಸಮವಸ್ತ್ರ ಕಳಚಿಟ್ಟು ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಪ್ರಶ್ನೆ ಕೇಳುವಂತಿರಲಿಲ್ಲ, ಕಾಯಬೇಕಿತ್ತು. ಊಟದ ಮೇಜಿನಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದ ನಮ್ಮ ಜನ ಅಲ್ಲಿ ಬಾಯಿ ಬಿಡುತ್ತಾರೆ. ಇದನ್ನು ಫಿನ್‌ಲೆಂಡಿನಲ್ಲೇ ಹುಟ್ಟಿದವರಿಗೆ ನಾನು ವಿವರಿಸಬೇಕೇ? ಜನವರಿಯಲ್ಲಿ ತಾವು ಇದನ್ನು "ಮನರಂಜನೆ" ಎಂದು ಕರೆದು ಪಠ್ಯದಿಂದ ಕಿತ್ತುಹಾಕಿದಿರಿ. ನಾನೂ ತಲೆಬಾಗಿ ಒಪ್ಪಿಕೊಂಡೆ. ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಿದೆ.

ತೂವಿ ನಮ್ಮ ರೋಗಿ. ಮೂವತ್ತು ವರ್ಷ ಹಳ್ಳಿಹಳ್ಳಿಗೆ ಅಂಚೆ ಹಂಚಿದ ಹೆಂಗಸು. ಫೆಬ್ರವರಿಯಲ್ಲಿ ಊಟ ಬಿಟ್ಟರು. ವೈದ್ಯರು ಮೂರು ಸಲ ಔಷಧಿ ಬದಲಿಸಿದರು. ಹೆನ್ನೀನಾ ತಾವು ಕಲಿಸಿದಂತೆಯೇ ದಿನಕ್ಕೆರಡು ಬಾರಿ ಟ್ಯಾಬ್ಲೆಟ್ ಹಿಡಿದು, ಊಟ ತೃಪ್ತಿಕರವೇ ಎಂದು ಕೇಳಿದಳು. ತೂವಿ ಹೌದೆಂದರು. ತಟ್ಟೆ ಮುಟ್ಟದ ಹೆಂಗಸಿನ ಹೆಸರಿನ ಮುಂದೆ ದಿನಕ್ಕೆ ಎರಡು "ತೃಪ್ತಿಕರ" ಬಿದ್ದವು, ಹುಡುಗಿಗೆ ಪೂರ್ತಿ ಅಂಕಗಳೂ ಬಿದ್ದವು. ಸೋಮವಾರ ಮೂಗಿನ ಮೂಲಕ ಊಟದ ನಳಿಕೆ ಹಾಕುವುದೆಂದು ತೀರ್ಮಾನವಾಯಿತು. ಬೇಡವೆಂದರೆ ಕೈಕಾಲು ಕಟ್ಟಿಯಾದರೂ.

ಅದರ ಹಿಂದಿನ ಗುರುವಾರ ತೂವಿಯೇ ಹೆನ್ನೀನಾಳನ್ನೂ ನನ್ನನ್ನೂ ಸೌನಾಕ್ಕೆ ಕರೆದರು. ಹುಡುಗಿ ನನ್ನ ಮುಖ ನೋಡಿದಳು. "ಟವೆಲ್ ತಗೊಂಡು ಬಾ" ಎಂದೆ. ನಾವು ಮೂವರೂ ಕೂತೆವು. ಸ್ವೆಟರು ಕಳಚಿದ ತೂವಿಯ ಮೈಯಲ್ಲಿ ಎಲುಬುಗಳೇ ಎದ್ದು ಕಾಣುತ್ತಿದ್ದವು.

"ಏನೇ ಹುಡುಗಿ, ನನ್ ಪಕ್ಕೆಲುಬು ಎಣಿಸ್ತಿದ್ದೀಯಾ?" ಎಂದರು ತೂವಿ.

"ಹೂಂ. ಒಂಬತ್ತಾಯ್ತು. ಹಬೆ ಬಂದು ಲೆಕ್ಕ ತಪ್ಪೋಯ್ತು."

ತೂವಿ ನಕ್ಕರು. ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಹಾಕಿದರು. ನಾವಿಬ್ಬರೂ ಬೆವರುತ್ತಾ ಕಾದೆವು. ಆಮೇಲೆ ಅವರಾಗಿಯೇ ಹೇಳಿದರು: "ಹಸಿವಾಗುತ್ತೆ ಕಣೇ, ಆಗಲ್ಲ ಅಂತಲ್ಲ. ಆದ್ರೆ ಆ ತಟ್ಟೆ ಮೇಲೆ ಹೆಸರೇ ಇರಲ್ಲ. ಯಾರದ್ದೋ ಏನೋ. ಬೇರೆಯವರಿಗೆ ಬಂದಿದ್ದನ್ನ ನಾನು ಜೀವಮಾನದಲ್ಲೇ ಬಿಚ್ಚಿದವಳಲ್ಲ. ಈಗ ತಿಂದ್ಬಿಡಲಾ?"

"ಹೆಸರು ಬರೆದ್ರೆ?" ಎಂದಳು ಹೆನ್ನೀನಾ.

"ಬರೆದ್ರೆ ನಂದೇ ಅಲ್ವಾ? ಇದೇನು ಪೆದ್ದ ಪ್ರಶ್ನೆ!"

ಆ ಸಂಜೆ ಹೆನ್ನೀನಾ ಗಂಜಿಯ ಬಟ್ಟಲಿಗೆ ಒಂದು ಚೀಟಿ ಅಂಟಿಸಿ, ತೂವಿಯ ಪೂರ್ತಿ ಹೆಸರು, ವಾರ್ಡು, ಕೋಣೆಯ ಸಂಖ್ಯೆ ಬರೆದಳು. ತೂವಿ ಎರಡು ಸಲ ಓದಿ, ಬಟ್ಟಲು ಖಾಲಿ ಮಾಡಿದರು. ಮರುದಿನ ರೈ ಬ್ರೆಡ್ಡು, ಮೀನಿನ ಸಾರು. ಸೋಮವಾರ ನಳಿಕೆ ಬರಲಿಲ್ಲ. ತಮ್ಮ ಆದೇಶ ಬಂತು.

ತಮ್ಮ ಕಚೇರಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಆ ಕಡೆಯ ಮಹಾಶಯರು ಸಮಾಧಾನವಾಗಿ ಕೇಳಿ, "ಒಳ್ಳೇದೇ ಆಯ್ತು ಬಿಡಿ. ಆದ್ರೆ ಇದನ್ನ ಹಾಕೋಕೆ ಕಾಲಂ ಇಲ್ವಲ್ಲ" ಎಂದರು. ಒಂದು ಜೀವ ಉಳಿದದ್ದಕ್ಕೆ ಕಾಲಂ ಇಲ್ಲ! ಹಾಗಾದರೆ ತಮ್ಮ ಉಳಿದ ಕಾಲಂಗಳು ಯಾವ ಘನಕಾರ್ಯಕ್ಕಿವೆ? ರೋಗಿಯ ಖಾಸಗಿತನದ ಪ್ರಶ್ನೆ ಎನ್ನುತ್ತೀರಾ? ಒಪ್ಪುತ್ತೇನೆ, ಅದಕ್ಕೇ ರೋಗಿ ಕರೆಯದೆ ಯಾರೂ ಒಳಗೆ ಹೋಗುವುದಿಲ್ಲ. ಕಟ್ಟಿಹಾಕಿ ನಳಿಕೆ ತೂರಿಸುವಾಗ ಆ ಖಾಸಗಿತನ ಎಲ್ಲಿಗೆ ಹೋಗಿರುತ್ತದೆ, ಸ್ವಾಮಿ? ರೋಗಿಯನ್ನು ಕಟ್ಟುವ ಪಟ್ಟಿ ಬಿಗಿಯುವುದನ್ನು ಕಲಿಸಲು ತಮ್ಮ ಪಠ್ಯದಲ್ಲಿ ಎರಡು ಪೂರ್ತಿ ದಿನಗಳಿವೆ. ಒಬ್ಬರ ಪಕ್ಕ ಸುಮ್ಮನೆ ಕೂರುವುದಕ್ಕೆ ಒಂದು ಗಂಟೆಯೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಗುರುವಾರದ ಸೌನಾ ತರಬೇತಿಗೆ ಮರಳಬೇಕು. ಹೆನ್ನೀನಾಳ ನಪಾಸು ರದ್ದಾಗಬೇಕು. "ನಾನು ನರ್ಸ್ ಆಗೋಕೆ ಲಾಯಕ್ಕಿಲ್ಲ ಅಂತ ಅವರೇ ಬರೆದಿದ್ದಾರಲ್ಲ, ರಾಕೆಲ್" ಎಂದು ಹೇಳಿ ಅವಳು ಮನೆಗೆ ಹೋಗಿದ್ದಾಳೆ. ಸೊಟ್ಕಾಮೊದ ಬಟ್ಟೆ ಅಂಗಡಿಯೊಂದು ಅವಳಿಗೆ ಕೆಲಸ ಕೊಟ್ಟಿದೆ, ಒಂದನೇ ತಾರೀಖಿನಿಂದ. ಅಂದರೆ ತಮಗೆ ಇನ್ನು ಒಂಬತ್ತು ದಿನಗಳಿವೆ.

ಇಂತಿ,
ತಾವು ಮನರಂಜನೆ ಎಂದು ಕರೆದದ್ದನ್ನೇ ಇಪ್ಪತ್ತಾರು ವರ್ಷ ಪಾಠವೆಂದು ನಂಬಿದ್ದ ನರ್ಸ್,
ರಾಕೆಲ್ ಮೊಯ್ಲನೆನ್