ನೀಲಿ ಹೂವಿನ ಬೆನ್ನು

ಮನೆಯಿಂದ,
ಏಪ್ರಿಲ್ ೧೪, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಮಂಡಿನೋವು ಹೇಗಿದೆ? ನಾದಿನಿ, ಕೂಸು ಚೆನ್ನಾಗಿದ್ದಾರೆಯೇ? ಕೂಸಿಗೆ ಸೆಕೆಗುಳ್ಳೆ ಎದ್ದಿದೆ ಎಂದು ಕೇಳಿದೆ. ಮೈತುಂಬ ಬಟ್ಟೆ ಸುತ್ತಬೇಡಿ ಎಂದು ಹೇಳಿ. ಇಲ್ಲಿ ಎಲ್ಲರೂ ಕ್ಷೇಮ, ಆದರೆ ನೀವು ಹೋದಮೇಲೆ ಕಿಟಕಿಯ ಜಗಳ ನಿಂತುಹೋಗಿ ಮನೆ ಬಣಗುಡುತ್ತಿದೆ. 'ತೆಗೀರಿ, ಉಸಿರು ಕಟ್ತಿದೆ' ಎಂದು ನೀವು, 'ಮುಚ್ಚು, ಬಿಸಿಗಾಳಿ ನುಗ್ತಿದೆ' ಎಂದು ಮಾವ. ನಿಮ್ಮ ಮಗ ಆಗಲೂ ಯಾವ ಪಕ್ಷವನ್ನೂ ಹಿಡಿದವರಲ್ಲ, ಈಗಲೂ ತಟ್ಟೆ ಬಿಟ್ಟು ತಲೆ ಎತ್ತುವುದಿಲ್ಲ.

'ಆ ಮಖಮಲ್ಲಿನ ಕೋಟು ಈ ಮನೇಲಿರೋವರೆಗೂ ನಾನು ಕಾಲಿಡಲ್ಲ' ಎಂದು ಮಗಳ ಮನೆಗೆ ಹೋದಿರಲ್ಲ, ಅದರ ಕಥೆಯನ್ನೇ ಹೇಳಬೇಕು. ಎದುರು ಮನೆಯ ಟೈಲ್ಸ್ ಅಂಗಡಿಯವರ ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಮಾವ ನನ್ನಿಂದಲೇ ಅದನ್ನು ಹೊಲಿಸಿಕೊಂಡಿದ್ದು ನಿಮಗೆ ಗೊತ್ತು. ನೀವಿದ್ದಾಗ 'ಸೆಕೆ ಎಲ್ಲಿದೆ?' ಎಂದು ಹಠ ಹಿಡಿದು ಮನೆಯೊಳಗೆಲ್ಲ ತೊಟ್ಟು ತಿರುಗಿದವರು, ನೀವು ಹೋದ ಮರುದಿನವೇ ಬೆವರು ಒರೆಸಿಕೊಳ್ಳುತ್ತ ನಮ್ಮಿಬ್ಬರ ಹೊಲಿಗೆ ಯಂತ್ರದ ಪಕ್ಕ ನಿಂತರು. 'ಬೆನ್ನಿನ ಕಡೆ ಯಾರು ನೋಡ್ತಾರಮ್ಮಾ? ಅಲ್ಲಿ ಮಾತ್ರ ತೆಗೆದು ತೆಳು ಬಟ್ಟೆ ಹಾಕಿಬಿಡು' ಎಂದರು. ಬಟ್ಟೆಯನ್ನೂ ಅವರೇ ತಂದರು. ನೋಡಿದರೆ ನೀವು ಬೇಸಿಗೆಯಲ್ಲಿ ಹೊದೆಯುವ ನೀಲಿ ಹೂವಿನ ಹತ್ತಿ ಹೊದಿಕೆ! ನಾನು ಬೇಡವೆಂದೆ. 'ಇದರಷ್ಟು ತಂಪು ಈ ಮನೇಲಿ ಬೇರೆ ಏನಿದೆ?' ಎಂದರು. ಕತ್ತರಿಸಿದೆ. ಬೈಯುವುದಿದ್ದರೆ ಇಬ್ಬರನ್ನೂ ಸೇರಿಸಿ ಬೈಯಿರಿ.

ಸಮಾರಂಭ ಇದ್ದದ್ದು ಮಹಡಿಯ ಮೇಲೆ, ಸುಡುವ ಮಧ್ಯಾಹ್ನ. ಅಂಗಡಿಯವರು ಜರಿ ಕೋಟಿನಲ್ಲಿ, ಅವರ ಹೆಂಡತಿ ಮುತ್ತು ಪೋಣಿಸಿದ ಭಾರದ ಉಡುಪಿನಲ್ಲಿ, ಇಬ್ಬರೂ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರೂ ಮುಖದಲ್ಲಿ ನಗು ಮಾತ್ರ ಮಾಸಿರಲಿಲ್ಲ. ಪಾಪ ಎನಿಸಿತು. ಮಾವ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡೇ ಇದ್ದರು. ಹೊರಡುವಾಗ ಕೈ ಮುಗಿದುಕೊಂಡು ಹಿಂದು ಹಿಂದಕ್ಕೇ ನಡೆದರು. ಎಂಥ ವಿನಯ ಎಂದು ಯಾರೋ ಮೆಚ್ಚಿಕೊಳ್ಳುವಷ್ಟರಲ್ಲಿ ಮೇಜು ತಾಗಿ ಲೋಟಗಳೆಲ್ಲ ಉರುಳಿದವು. ಮಾವ ಗಾಬರಿಯಿಂದ ತಿರುಗಿದರು. ನೀಲಿ ಹೂವುಗಳೆಲ್ಲ ಬಯಲಾದವು!

ಅಂಗಡಿಯವರು ಹತ್ತಿರ ಬಂದು ಆ ಬೆನ್ನನ್ನು ಮುಟ್ಟಿ ನೋಡಿ, 'ಅಬ್ಬಾ, ಎಷ್ಟು ತೆಳುವಾಗಿದೆ! ನನಗೂ ಹೀಗೇ ಒಂದು ಹೊಲಿಸಿಕೊಡಿ' ಎಂದರು. ಅವರ ಹೆಂಡತಿ ಕಣ್ಣು ಕೆಂಪಗೆ ಮಾಡಿದರು, ಉಳಿದವರು ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ತಲೆ ಎತ್ತಿ, 'ಇದು ನಮ್ಮ ಮನೆಯವಳ ಹೊದಿಕೆ' ಎಂದು ಅಂಗಡಿಯವರ ಹೆಂಡತಿಯನ್ನೇ ನೋಡಿ ಹೇಳಿ, ಎಲ್ಲರಿಗೂ ಬೆನ್ನು ತೋರಿಸಿಕೊಂಡೇ ಮೆಟ್ಟಿಲಿಳಿದರು.

ದಾರಿಯಲ್ಲಿ ನಾನು ಕೇಳದಿದ್ದರೂ ಬಾಯಿಬಿಟ್ಟರು. ಹಿಂದೊಮ್ಮೆ ನೀವು ಹೊಲಿದ ಬಟ್ಟೆ ಕೊಡಲು ಅವರ ಮನೆಗೆ ಹೋದಾಗ ಆಕೆ, 'ನೀವು ಬರೀ ಹೊಲಿಯೋರೋ, ಒಳ್ಳೇದು ಹಾಕ್ಕೊಳ್ಳೋದೂ ಉಂಟೋ?' ಎಂದಿದ್ದರಂತೆ. ನೀವು ನಕ್ಕು ಮರೆತಿರಿ. ಗೇಟಿನ ಬಳಿ ನಿಂತಿದ್ದ ಮಾವನಿಗೆ ಮರೆಯಲಾಗಲಿಲ್ಲ. ಅದಕ್ಕೇ ಆ ಮಖಮಲ್ಲಿನ ಕೋಟು. ಒಣ ಜಂಬವೆಂದು ನಾವೆಲ್ಲ ಆಡಿಕೊಂಡೆವು. ನನಗೆ ಅಳುವೇ ಬಂತು, ಅತ್ತೆ.

ನಾದಿನಿಯನ್ನು ಕೇಳಿದೆನೆಂದು ಹೇಳಿ, ಕೂಸಿಗೆ ಮುತ್ತು.

ನಿಮ್ಮ ಸೊಸೆ

ಮರೆತಿದ್ದೆ: ಮಾವ ಮಖಮಲ್ಲನ್ನೆಲ್ಲ ಬಿಚ್ಚಿಸಿದ್ದಾರೆ, ಈಗ ಅದು ಹೊಲಿಗೆ ಯಂತ್ರದ ಮುಸುಕು. ಆದ್ದರಿಂದ ನಿಮ್ಮ ಶಪಥಕ್ಕೇನೂ ಅಡ್ಡಿಯಿಲ್ಲ. ಹೊದಿಕೆಯಲ್ಲಿ ಉಳಿದ ತುಂಡನ್ನು ಹೊದ್ದು ಕಿಟಕಿಯ ಬಳಿ ಮಲಗಿದ್ದಾರೆ. ಬಿಸಿಗಾಳಿ ನುಗ್ಗುತ್ತಿದೆಯೆಂದು ಈಗಷ್ಟೇ ಮುಚ್ಚಲು ಹೋದೆ. 'ಬೇಡ, ತೆಗೆದೇ ಇರಲಿ, ಅವಳಿಗೆ ಉಸಿರು ಕಟ್ಟುತ್ತೆ' ಎಂದರು. ಅವರಾಗಿ ಕರೆಯುವವರಲ್ಲ. ನೀವೇ ಬಂದುಬಿಡಿ.