ಹೊಳಿ ಓಣಿಗೆ ಯಾವ ಬಸ್ಸು, ಸ್ವಾಮಿ?

ಬಾಗಲಕೋಟೆಗೆ ಬರುವ ಪರ ಊರಿನವರಿಗೆ ದಾರಿ ತೋರಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬಸ್ ನಿಲ್ದಾಣದಲ್ಲಿ ನೀವು ನಿಲ್ಲಿಸಿರುವ ಫಲಕದಿಂದ ಹೊಳಿ ಓಣಿಯ ಹೆಸರನ್ನು ಅಳಿಸಿ. ಆ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ಬಾದಾಮಿಗೆ ಯಾವ ಬಸ್ಸು, ಇಳಕಲ್ಲಿಗೆ ಯಾವುದು, ನವನಗರಕ್ಕೆ ಎಲ್ಲಿ ಹತ್ತಬೇಕು ಎಂದೆಲ್ಲ ಬರೆಸಿದ್ದೀರಿ, ಸಂತೋಷ. ನಡುವೆ ‘ಹೊಳಿ ಓಣಿ: ಸಿಟಿ ಬಸ್, ಶೇರ್ ಆಟೋ’ ಎಂದೂ ಇದೆ. ಯಾವ ಬಸ್ಸು ಸ್ವಾಮಿ, ಈಜು ಬಲ್ಲ ಬಸ್ಸೇ? ಹಳೆಯ ನಕ್ಷೆಗೆ ಹೊಸ ಬಣ್ಣ ಬಳಿಸುವಾಗ ಕಚೇರಿಯ ಒಬ್ಬರಾದರೂ ಕಿಟಕಿ ತೆರೆದು ಊರು ನೋಡಲಿಲ್ಲವೇ?

ನನ್ನ ತಾಯಿ ರಂಗವ್ವ ಹಾಸಿಗೆ ಹಿಡಿದಾಗ ಆಕೆಯ ತಂಗಿ ದಾನಮ್ಮ, ನಮ್ಮ ಚಿಗವ್ವ, ಸೊಲ್ಲಾಪುರದಿಂದ ಹೊರಟು ಬಂದಳು. ಮದುವೆಯಾಗಿ ಹೋದ ಮೇಲೆ ಈ ಕಡೆ ಬಂದವಳೇ ಅಲ್ಲ. ಓಣಿ ಮುಳುಗಿ ನಮ್ಮನ್ನೆಲ್ಲ ನವನಗರಕ್ಕೆ ಕಳಿಸಿದರೂ ನಾವು ಹೊಸ ಜಾಗಕ್ಕೂ ಹೊಳಿ ಓಣಿ ಎಂದೇ ಅನ್ನುತ್ತೇವೆ. ಫೋನಿನಲ್ಲಿ ಅದನ್ನೇ ಹೇಳಿದ್ದೆವು. ಹಾಗಾದರೆ ತಪ್ಪು ನಮ್ಮದೇ ಎನ್ನುತ್ತೀರಾ? ಜನ ಪ್ರೀತಿಯಿಂದ ಒಂದು ಹೆಸರು ಇಟ್ಟುಕೊಂಡಾರು. ಸರ್ಕಾರಿ ಫಲಕಕ್ಕೆ ಯಾವ ಪ್ರೀತಿ?

ಆಕೆ ಫಲಕ ಓದಿಸಿಕೊಂಡಳು, ಆಟೋ ಹತ್ತಿದಳು. ಹೊಸಬನಾದ ಆಟೋದವನು ಹಳೇ ಊರಿನಾಚೆ ರಸ್ತೆ ಮುಗಿದಲ್ಲಿ ಇಳಿಸಿ, ಮುಂದೆ ನಡೆದು ಹೋಗಿರಿ ಎಂದ. ನಡೆದಳು. ಡಾಂಬರು ಹಾಗೇ ಇಳಿದು ನೀರಿನೊಳಗೆ ಹೋಗುತ್ತದೆ. ಮೊಬೈಲಿನ ಚಾರ್ಜ್ ಮುಗಿದಿತ್ತು. ಅಕ್ಕನ ಮನೆ ಕಾಣದೆ ಅಲ್ಲೇ ನಿಂತು ಅಕ್ಕನ ಹೆಸರು ಹಿಡಿದು ಕೂಗಿದಳಂತೆ. ಮೀನು ಹಿಡಿಯುವವರೊಬ್ಬರು ಓಡಿ ಬಂದು, “ಯವ್ವಾ, ಹಿಂದಕ ಸರಿ! ಎಲ್ಲಿ ಓಣಿ ಐತಿ ಇಲ್ಲಿ? ಎಲ್ಲಾ ನೀರಾಗ ಹೋತು,” ಎಂದು ರಟ್ಟೆ ಹಿಡಿದು ಎಳೆದರು.

ಇತ್ತ ಅವ್ವ ಬಾಗಿಲ ಕಡೆ ನೋಡುತ್ತ, “ದಾನಿ ಬಂದ್ಲೇನ?” ಎಂದು ಕೇಳುತ್ತಲೇ ಇದ್ದಳು. ಬಂದಳು, ಬಂದಳು ಎಂದು ನಾನು ಸುಳ್ಳು ಹೇಳಿದೆ. ಚಿಗವ್ವ ಮನೆ ಮುಟ್ಟುವ ಹೊತ್ತಿಗೆ ನಾವು ಅವ್ವನ ಕಣ್ಣು ಮುಚ್ಚಿಸಿದ್ದೆವು.

ಅವ್ವನ ಮಣ್ಣು ಮುಗಿದರೂ ಚಿಗವ್ವ ಊರಿಗೆ ಹೋಗಿಲ್ಲ. ಬೆಳಗಾದರೆ ನಿಮ್ಮ ಫಲಕದ ಕೆಳಗೆ ನಿಂತು, ಚೀಲ ಹಿಡಿದು ಬಂದವರನ್ನೆಲ್ಲ ತಡೆದು ಹೇಳುತ್ತಾಳೆ: “ಎಲ್ಲಿಗಿ ಹೊಂಟೀರಿ? ಹೊಳಿ ಓಣಿಗಿ ಹೋಗಬ್ಯಾಡ್ರಿ. ನಮ್ಮಕ್ಕ ಅಲ್ಲಿಲ್ಲ.”

ನಿಮ್ಮ ಸಿಬ್ಬಂದಿ ನನ್ನನ್ನು ಕರೆಸಿದರು. “ಅಕ್ಕಾರ, ಈ ಮುದುಕೀನ ಕರಕೊಂಡು ಹೋಗ್ರಿ. ಬಂದ ಮಂದಿ ಅಂಜತಾರ. ನಾಳಿಂದ ಪೊಲೀಸರಿಗೆ ಹೇಳತೇವಿ.” ಭೇಷ್! ಸುಳ್ಳು ಬರೆದ ತಗಡಿಗೆ ನೆರಳಿನ ಜಾಗ, ಖರೆ ಹೇಳುವ ಹೆಂಗಸಿಗೆ ಪೊಲೀಸ್ ಠಾಣೆಯೇ? ಕೈ ಹಿಡಿದು ಎಳೆದರೆ ಚಿಗವ್ವ ಅನ್ನುತ್ತಾಳೆ: “ನಾ ಒಲ್ಲೆ ಮಾದೇವಿ. ಇನ್ನೊಬ್ಬಾಕಿ ಹೋಗಿ ನೀರಿಗಿ ಇಳದ್ರ ಏನ್ ಮಾಡ್ತಿ?”

ನಿದ್ದೆಯಲ್ಲಿ, “ಅಕ್ಕಾ, ಬಾಗಲಾ ತಗಿ,” ಎಂದು ಕೂಗುತ್ತಾಳೆ. “ಬಂದೆ ತಡಿ” ಎಂದು ನಾನು ಅವ್ವನ ಹಾಗೆ ಓಗೊಡುತ್ತೇನೆ. ಆಮೇಲೆ ಆಕೆ ಮಲಗುತ್ತಾಳೆ. ನನಗೆ ಭಯವಾಗುತ್ತದೆ, ನಿಜ ಹೇಳುತ್ತೇನೆ.

ಪರಿಹಾರ, ತನಿಖೆ ಏನೂ ಬೇಡ. ಪೇಂಟರನ್ನು ಕಳಿಸಿ ಆ ಒಂದು ಸಾಲು ಅಳಿಸಿ. ಅಳಿಸಿದ್ದನ್ನು ಕಣ್ಣಾರೆ ಕಂಡ ದಿನ ಸೊಲ್ಲಾಪುರದ ಬಸ್ಸು ಹತ್ತುತ್ತೇನೆ ಎಂದಿದ್ದಾಳೆ. ಅವ್ವ ಕಾದು ಕಾದು ಹೋದಳು. ಚಿಗವ್ವನನ್ನಾದರೂ ಮನೆ ಮುಟ್ಟಿಸಿ.

ಇಂತಿ,
ಇನ್ನೂ ಅವ್ವನ ದನಿಯಲ್ಲಿ ಓಗೊಡುತ್ತಿರುವ
ಮಹಾದೇವಿ, ನವನಗರ