ಅಪ್ಪ ದಾಟಿಸಿದ ಬಟ್ಟಲು

ನನ್ನ ಅವ್ವನಿಗೆ,

ಒಣದ್ರಾಕ್ಷಿ ಕುದಿಸಿ ಬಿಳಿ ಬಟ್ಟೆಯಲ್ಲಿ ಹಿಂಡುತ್ತಿದ್ದ ನಿನ್ನ ಕೈಗಳು ನೆನಪಾಗುತ್ತಿವೆ. ಅಪ್ಪ ಕುಡಿತ ಬಿಟ್ಟು ದೀಕ್ಷಾಸ್ನಾನ ಪಡೆದ ವರ್ಷದಿಂದ ನಮ್ಮ ಗುಂಡ್ಲುಪೇಟೆ ಸಭೆಯ ಕರ್ತನ ಭೋಜನಕ್ಕೆ ವೈನಿನ ಬದಲು ನಿನ್ನ ಆ ರಸವೇ ಬಟ್ಟಲಿಗೆ ಬರುತ್ತಿತ್ತು. ಯಾಕೆಂದು ನೀನು ಯಾರಿಗೂ ಹೇಳಲಿಲ್ಲ. ನನಗೂ. ನೀನು ತೀರಿಹೋದ ಮೇಲೆ ಹೊಸ ಸಭಾಪಾಲಕರು ಮೈಸೂರಿನಿಂದ ವೈನ್ ಬಾಟಲಿ ತರಿಸಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹೋದ ತಿಂಗಳು ಆ ವೈನ್ ಮೊದಲ ಸಲ ಬಟ್ಟಲಿಗೆ ಬಂದ ಭಾನುವಾರ... ಕೈಯಿಂದ ಕೈಗೆ ದಾಟುತ್ತ ಅದು ನಮ್ಮ ಬೆಂಚಿಗೆ ಬಂತು. ಅಪ್ಪ ತುಟಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿದ. ಕುಡಿಯದೆ ಪಕ್ಕದವರಿಗೆ ದಾಟಿಸಿದ. ಬಟ್ಟಲು ದಾಟಿಸುವುದೆಂದರೆ ನಮ್ಮಲ್ಲಿ ಏನರ್ಥ, ನಿನಗೆ ಗೊತ್ತಲ್ಲ. ಅರಿಕೆ ಮಾಡದ ಪಾಪ ಒಳಗಿದೆ ಎಂದು ಎಲ್ಲರೆದುರು ಒಪ್ಪಿಕೊಂಡಂತೆ. ಹೊರಗೆ ಚಪ್ಪಲಿ ಮೆಟ್ಟುವಾಗಲೇ ಪಕ್ಕದ ಮನೆಯ ರಾಹೇಲತ್ತೆ ಶುರು ಮಾಡಿದಳು: "ಏನಣ್ಣ, ಈರುಳ್ಳಿ ಲಾರಿಯೋರ್ ಜೊತೆ ಸೇರ್ಕಂಡು ಮತ್ತೆ ಸುರು ಅಚ್ಕಂಡ್ಯಾ?" ಇಷ್ಟು ವರ್ಷ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊತ್ತರೂ ಒಂದು ತೊಟ್ಟು ಮುಟ್ಟದವನಿಗೆ ಈ ಮಾತು.

ಮನೆಗೆ ಬಂದವನೇ ಅಪ್ಪನನ್ನು ಕೇಳಿದೆ.

"ಅದು ನಿಮ್ಮವ್ವನ್ ರಸ ಅಲ್ಲ ಕಣ್ಲಾ. ವಾಸ್ನೆಗೇ ಬಾಯೆಲ್ಲ ನೀರಾಗೋಯ್ತು. ದೇವ್ರ್ ಮುಂದೇನೇ ಆಸೆ ಬಂತಲ್ಲ... ನಾನು ಬದ್ಲಾಗೇ ಇಲ್ವೇನೋ."

ಚಾಮರಾಜನಗರದ ರೇಷ್ಮೆ ಕೆಲಸದಿಂದ ಬರುವ ಬಸ್ಸಿನಲ್ಲಿ ನಾನು ಓದಿದ ಕರಪತ್ರಗಳೆಲ್ಲ ಹೇಳಿದ್ದು ಒಂದೇ: ನಿಜವಾಗಿ ರಕ್ಷಣೆ ಹೊಂದಿದವನಲ್ಲಿ ಆಸೆಯೇ ಹುಟ್ಟುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನೇ ಸಾರಿದವನು ನಾನು. ಅಪ್ಪನ ಮುಖ ನೋಡಿದ ಮೇಲೆ ಆ ಮಾತನ್ನೇ ಅನುಮಾನಿಸಿದೆ. ಅಡವಿಯಲ್ಲಿ ಸೈತಾನ ಪರೀಕ್ಷಿಸಿದಾಗ ಯೇಸುವಿಗೂ ಹಸಿವಾಗಿತ್ತಲ್ಲವೇ ಅವ್ವಾ? ಶೋಧನೆ ಬಂದದ್ದೇ, ಆಸೆ ಕೆಣಕಿದ್ದೇ ಪಾಪವಾಗುತ್ತದೆಯೇ? ಆ ದಿನ ಸಭೆಯಲ್ಲಿ ಅಪ್ಪನಷ್ಟು ವಿಧೇಯನಾದವನು ಬೇರೆ ಯಾರಿದ್ದ?

ಪಾಲಕರ ಬಳಿ ಜಗಳಕ್ಕೇ ಹೋದೆ. ತನ್ನ ಹೆಸರು ಎತ್ತಬೇಡ ಎಂದು ಅಪ್ಪ ಹೇಳಿದ್ದ, ನಾನು ಎತ್ತಲಿಲ್ಲ. ಒಬ್ಬ ಸಹೋದರನಿಗೆ ಕಷ್ಟವಾಗುತ್ತಿದೆ ಎಂದಷ್ಟೇ ಹೇಳಿದೆ. "ಒಬ್ಬರ ಬಲಹೀನತೆಗೋಸ್ಕರ ಸಭೆಯ ಬಟ್ಟಲು ಬದಲಾಯಿಸೋಕಾಗುತ್ತೇನಪ್ಪ? ಅವರು ಪ್ರಾರ್ಥನೆ ಮಾಡಲಿ" ಎಂದರು. ಒಬ್ಬನಿಗೋಸ್ಕರ ನೀನು ಬದಲಾಯಿಸಿರಲಿಲ್ಲವೇ? ಕೃಪೆಯ ಬಗ್ಗೆ ಅಷ್ಟೆಲ್ಲ ಓದಿದ್ದೆ. ನಮ್ಮ ಒಲೆಯ ಮೇಲೆ ಅದು ಕುದಿಯುತ್ತಿದ್ದಾಗ ಗುರುತೇ ಹಿಡಿಯಲಿಲ್ಲ.

ಇವತ್ತು ಮತ್ತೆ ಭೋಜನದ ಭಾನುವಾರ. ಬೆಳಿಗ್ಗೆ ಅಪ್ಪ ಸಭೆಗೆ ಬರುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ಎಬ್ಬಿಸಿ ಕರೆದುಕೊಂಡು ಹೋದೆ. ಬಟ್ಟಲು ಅವನಿಗಿಂತ ಮೊದಲು ನನ್ನ ಕೈಗೆ ಬರುವಂತೆ ಕೂತೆ. ಬಂತು. ಎಲ್ಲರ ಕಣ್ಣು ನಮ್ಮ ಬೆಂಚಿನ ಮೇಲೆ. ನಾನು ಕುಡಿಯಲಿಲ್ಲ ಅವ್ವಾ. ಅಪ್ಪನ ಕೈಗೂ ಕೊಡದೆ, ಅವನ ಮುಂದಿನಿಂದ ಕೈ ಚಾಚಿ ಆಚೆ ಕೂತವರಿಗೆ ದಾಟಿಸಿದೆ. ನನ್ನೊಳಗಿನ ಪಾಪ ಯಾವುದೆಂದು ಸಭೆಯವರು ಹುಡುಕಿಕೊಳ್ಳಲಿ.

"ನಿಂಗೇನ್ಲಾ ಬಂದಿತ್ತು ರೋಗ?" ಹೊರಗೆ ಬಂದು ಅಪ್ಪ ಗದರಿದ.

"ನಿಂದೇ ಕಣಪ್ಪ. ಅಂಟ್ಕತು."

ಅವನು ನಗಲಿಲ್ಲ. ದಾರಿಯಲ್ಲಿ ಸಾರಾಯಿ ಅಂಗಡಿ ತೆರೆದಿತ್ತು. ಅಪ್ಪ ನನ್ನ ಮಣಿಕಟ್ಟು ಹಿಡಿದ, ನೋಯುವಷ್ಟು ಬಿಗಿಯಾಗಿ. ದಾಟಿದೆವು. ದಾಟಿದ ಮೇಲೂ ಬಿಡಲಿಲ್ಲ.